ಶ್ರಾವಣ ಹಿಡಿದ ಏಡಿ

ಮುಕುಂದರಾಯರು ಏಡಿ ಸಾಕಿದ್ದು ಏಡಿಯ ಮೇಲಿನ ಪ್ರೀತಿಯಿಂದಲ್ಲ, ಹೆಂಡತಿಯ ಅಣ್ಣನ ಮೇಲಿನ ಸಿಟ್ಟಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ನಮ್ಮ ಓಣಿಯಲ್ಲಿ ಈ ಬಗ್ಗೆ ಹತ್ತು ಕಥೆ ಹುಟ್ಟಿಕೊಂಡವು. ಅವುಗಳಲ್ಲಿ ಏಳನ್ನು ಹುಟ್ಟಿಸಿದವಳು ನನ್ನ ಹೆಂಡತಿ ಲಲಿತಾಬಾಯಿ. ಉಳಿದ ಮೂರಕ್ಕೆ ನಾನು ಜವಾಬ್ದಾರನಲ್ಲ.

ಅದು ತೊಂಬತ್ನಾಲ್ಕನೆಯ ಇಸವಿ. ಕಲಬುರಗಿಯ ಸೇಡಂ ರಸ್ತೆಯಿಂದ ಒಳಗೆ ಹೊರಳುವ ಒಂದು ಓಣಿಯಲ್ಲಿ ದೌಲಪ್ಪನವರ ಮನೆ. ಮೇಲೆ ಮಾಲಕರು ದೌಲಪ್ಪನವರು, ಕೆಳಗೆ ಎದುರುಬದುರಾಗಿ ಎರಡು ಬಾಡಿಗೆ ಮನೆ. ಒಂದರಲ್ಲಿ ಡ್ರಾಯಿಂಗ್ ಮಾಸ್ತರನಾದ ನಾನು. ಇನ್ನೊಂದರಲ್ಲಿ ಸರಕಾರಿ ಕಚೇರಿಯ ಕಾರಕೂನ ಮುಕುಂದರಾಯರು, ಅವರ ತಾಯಿ ತುಂಗಾಬಾಯಿ, ಹೆಂಡತಿ ಮಥುರಾಬಾಯಿ. ಮುಕುಂದರಾಯರು ಬಂಗಾರದಂಥ ಮನುಷ್ಯ. ಇದ್ದದ್ದು ಒಂದೇ ದೋಷ. ಅವರ ಬಾಯಿ ಮೊದಲು ಹೊರಡುತ್ತದೆ, ಬುದ್ಧಿ ಮುಂದಿನ ಬಸ್ಸಿಗೆ ಬರುತ್ತದೆ.

ಆ ಬೇಸಿಗೆಯಲ್ಲಿ ಮಥುರಾಬಾಯಿಯ ಅಣ್ಣ ಶ್ರೀನಿವಾಸರಾವ್ ಸೊಲ್ಲಾಪುರದಿಂದ ಬಂದಿದ್ದರು. ಮಾವಿನ ಹಣ್ಣಿನ ಸೀಕರಣೆಗೆ ನನ್ನನ್ನೂ ಕರೆದಿದ್ದರು. ಎರಡನೆಯ ಬಟ್ಟಲು ಮುಗಿಸಿ ಶ್ರೀನಿವಾಸರಾವ್ ಶುರುಮಾಡಿದರು.

“ನಮ್ಮ ಹಾಲಿನ್ಯಾಗ ಅಕ್ವೇರಿಯಂ ಇಟ್ಟೀವ್ರೀ ಮುಕುಂದರಾವ್. ನಾಲ್ಕು ಫೂಟಿಂದು. ಒಂದೊಂದು ಮೀನಿಗೆ ಎಂಬತ್ತು ರೂಪಾಯಿ. ಭಾಳ ಖರ್ಚಿನ ಬಾಬತ್ತು ಬಿಡ್ರಿ. ನಿಮ್ಮಂಥಾ ನೌಕರದಾರರಿಗೆ ಆಗೋ ಮಾತಲ್ಲ.”

ಮುಕುಂದರಾಯರ ಕಿವಿ ಕೆಂಪಾಯಿತು. ಬಾಯಿ ಹೊರಟೇಬಿಟ್ಟಿತು.

“ಮೀನು ಯಾರು ಬೇಕಾದರೂ ಸಾಕ್ತಾರ್ರೀ. ಅದರಾಗೇನದ? ನಾವು ಬ್ಯಾರೇನೇ ಸಾಕ್ಲಿಕತ್ತೀವಿ. ಅಪರೂಪದ್ದು.”

ಮಥುರಾಬಾಯಿಯ ಕೈಯ ಸೌಟು ಗಾಳಿಯಲ್ಲೇ ನಿಂತಿತು.

“ಅಂಥಾದ್ದೇನ್ರೀ ಅದು?” ಎಂದರು ಶ್ರೀನಿವಾಸರಾವ್.

“ಈಗ ಹೇಳಂಗಿಲ್ಲ. ಶ್ರಾವಣದಾಗ ಬರ್ರಿ, ತೋರಸ್ತೀನಿ.”

ಆ ಹೊತ್ತಿಗೆ ಆ ಮನೆಯಲ್ಲಿ ಮನುಷ್ಯರನ್ನು ಬಿಟ್ಟು ಇದ್ದ ಜೀವಗಳೆಂದರೆ ಗೋಡೆಯ ಮೇಲೆ ಎರಡು ಹಲ್ಲಿ ಮತ್ತು ತುಂಗಾಬಾಯಿಯ ತುಳಸಿ. ಶ್ರೀನಿವಾಸರಾವ್ “ಖಂಡಿತ ಬರ್ತೀನಿ” ಎಂದು ಕೈ ತೊಳೆದುಕೊಂಡು ಹೊರಟರು.

ಮಥುರಾಬಾಯಿ ಮೂರು ವರ್ಷದಿಂದ ಮಿಕ್ಸರ್ ಕೊಳ್ಳಬೇಕೆಂದು ಬ್ಯಾಳಿಡಬ್ಬಿಯಲ್ಲಿ ದುಡ್ಡು ಕೂಡಿಸುತ್ತಿದ್ದರು. ಒರಳಲ್ಲಿ ಚಟ್ನಿ ಅರೆದು ಅರೆದು ಅವರ ಬಲಗೈ ರಟ್ಟೆ ಕುಸ್ತಿಯವರ ರಟ್ಟೆಯಂತಾಗಿತ್ತು. ಆ ದುಡ್ಡನ್ನು ತೆಗೆದುಕೊಂಡು ಮುಕುಂದರಾಯರು ಸೂಪರ್ ಮಾರ್ಕೆಟ್ಟಿಗೆ ಹೋದರು. ಗಾಜಿನ ಪೆಟ್ಟಿಗೆ ಕೊಂಡರು. ಅದರ ಜೊತೆಗೆ ಗುಳುಗುಳು ಎಂದು ಗಾಳಿ ಬಿಡುವ ಪಂಪು, ನೀಲಿ ಹರಳು, ಪ್ಲಾಸ್ಟಿಕ್ ಗಿಡ, ಒಳಗೆ ಹಚ್ಚಲು ಒಂದು ಟ್ಯೂಬ್‌ಲೈಟು. ಎಲ್ಲ ಕಟ್ಟಿಸಿಕೊಂಡ ಮೇಲೆ ಒಳಗೆ ಬಿಡಲು ಒಂದು ಜೀವ ಬೇಕಲ್ಲ ಎನ್ನುವುದು ನೆನಪಾಯಿತು. ಕಿಸೆಯಲ್ಲಿ ಉಳಿದದ್ದು ಏಳು ರೂಪಾಯಿ.

“ಏಳು ರೂಪಾಯಿಗೆ ಏನು ಸಿಗ್ತದ್ರೀ? ಅಪರೂಪದ್ದು ಇರಬೇಕು.”

ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿದ. “ಸಾಹೇಬರ, ಏಳು ರೂಪಾಯಿಕ ಅದರ ಫೋಟೋ ಬರ್ತದ.”

ಹೀಗಾಗಿ ಇಪ್ಪತ್ತು ದಿನ ಆ ಪೆಟ್ಟಿಗೆ ಹಿಂದಿನ ಕೋಣೆಯಲ್ಲಿ ಖಾಲಿಯೇ ಕೂತಿತು. ಪಂಪು ಗುಳುಗುಳು ಎನ್ನುತ್ತಿತ್ತು, ಪ್ಲಾಸ್ಟಿಕ್ ಗಿಡ ತೂಗುತ್ತಿತ್ತು, ಮುಕುಂದರಾಯರು ಅದರ ಮುಂದೆ ಕೂತು ನಿಟ್ಟುಸಿರು ಬಿಡುತ್ತಿದ್ದರು. ಮಥುರಾಬಾಯಿ ಅಡುಗೆಮನೆಯಲ್ಲಿ ಒರಳನ್ನು ಬೇಕೆಂದೇ ಜೋರಾಗಿ ತಿರುಗಿಸುತ್ತಿದ್ದರು.

ಅವರನ್ನು ಪಾರುಮಾಡಿದವನು ಜಗದೇವಪ್ಪ. ಮುಕುಂದರಾಯರ ಕಚೇರಿಯದೇ ಗುಮಾಸ್ತ, ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುವವನು. ಅಲ್ಲಿ ಅವನಿಗೆ ಕೆಂಪು ಬಾಳೆಯ ತೋಟ ಉಂಟು.

“ಒಂದು ಏಡಿ ಇಟ್ಕೋರಿ,” ಎಂದ.

“ಏಡಿನಾ?”

“ಇಡೀ ಗುಲಬರ್ಗಾದಾಗ ಯಾರ ಮನ್ಯಾಗ ಅದ ಹೇಳ್ರಿ ನೋಡೋಣು? ಅಪರೂಪ ಅಂದ್ರ ಅದೇ ಅಲ್ಲೇನು? ನಮ್ಮ ತೋಟದ ಕಾಲುವ್ಯಾಗ ರಗಡ ಅವ. ಫುಕಟ್.”

ಮರುದಿನ ಏಡಿ ಊಟದ ಡಬ್ಬಿಯಲ್ಲಿ ಕಚೇರಿಗೆ ಬಂತು. ಇನ್ನೊಬ್ಬರ ಡಬ್ಬಿ ತೆರೆದು ರುಚಿ ನೋಡುವ ಚಟವಿದ್ದ ಹೆಡ್ ಕ್ಲಾರ್ಕ್ ಸಾಹೇಬರು ಅವತ್ತು ಅದನ್ನೂ ತೆರೆದರು. ಆ ಚಟ ಅವತ್ತಿಗೆ ಬಿಟ್ಟದ್ದು, ಮತ್ತೆ ಹತ್ತಲಿಲ್ಲ.

ಮನೆಯಲ್ಲಿ ತುಂಗಾಬಾಯಿ ಡಬ್ಬಿಯೊಳಗೆ ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. “ಏನೋ ಮುಕುಂದಾ ಇದು, ಖೇಕಡಾ?”

“ಕರ್ಕಾಟಕ, ಆಯಿ. ಪಂಚಾಂಗದಾಗ ರಾಶಿಚಕ್ರದೊಳಗ ಇರ್ತದಲ್ಲ, ಅದೇ.”

ಮುದುಕಿಯ ಮುಖ ಒಮ್ಮೆಲೇ ಮೆತ್ತಗಾಯಿತು. “ಹೌದೇನು? ನಂದೂ ಕರ್ಕರಾಶಿನೇ!” ಎಂದರು. ಸ್ವಲ್ಪ ಹೊತ್ತು ಅದರ ಕಣ್ಣನ್ನೇ ನೋಡಿ, “ನಮ್ಮನ್ಯಾಗ ಇರಾಂವ ಅಂದಮ್ಯಾಲ ಹೆಸರು ಬ್ಯಾಡೇನು? ಕರ್ಕರಾವ್ ಅನ್ರಿ,” ಎಂದು ನಾಮಕರಣವನ್ನೂ ಮಾಡಿದರು.

ಏಡಿ ಫುಕಟ್ ಬಂದಿತ್ತು, ನಿಜ. ಆದರೆ ಏಡಿಯ ಸಂಸಾರ ಫುಕಟ್ ಅಲ್ಲ. ಮೂರು ದಿನಕ್ಕೊಮ್ಮೆ ಬರುವ ನಳದ ನೀರು ಅದಕ್ಕೆ ಸೇರುವುದಿಲ್ಲ ಎಂದು ಮುಕುಂದರಾಯರು ಬೋರಿನ ನೀರನ್ನು ಕೊಡ ಕೊಡ ಹೊತ್ತರು. ಸೆಕೆ ತಾಳಲಿಕ್ಕಿಲ್ಲ ಎಂದು ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದರು. ಗಂಡ ಹೆಂಡತಿ ಪಂಚಾಂಗದಿಂದ ಗಾಳಿ ಬೀಸಿಕೊಂಡು ಮಲಗಿದರು. ಕರೆಂಟು ಹೋದಾಗ ಪಂಪು ನಿಲ್ಲುತ್ತದಲ್ಲ, ಆಗ ಮುಕುಂದರಾಯರೇ ನಳಿಗೆಯಿಂದ ನೀರಿಗೆ ಗಾಳಿ ಊದುತ್ತಿದ್ದರು. ಕಲಬುರಗಿಯ ಕರೆಂಟು ಎಷ್ಟು ಸಲ ಹೋಗುತ್ತದೆ ಎನ್ನುವುದು ನಿಮಗೆ ಗೊತ್ತಿದ್ದರೆ ಅವರ ಕೆನ್ನೆ ಆ ತಿಂಗಳು ಯಾಕೆ ಉಬ್ಬಿತ್ತು ಎಂದು ನಾನು ಹೇಳಬೇಕಾಗಿಲ್ಲ. ಒಂದು ದಿನ ಕರ್ಕರಾವ್ ಮುಚ್ಚಳ ಸರಿಸಿ ಹೊರಟು, ಮಥುರಾಬಾಯಿಯ ಚಪ್ಪಲಿಯಲ್ಲಿ ಸಿಕ್ಕ. ಅವತ್ತಿನಿಂದ ಒರಳಿನ ಗುಂಡೂ ಮುಚ್ಚಳದ ಮೇಲೆ ಹೋಯಿತು. ಹೀಗೆ ಮಿಕ್ಸರೂ ಇಲ್ಲ, ಒರಳೂ ಇಲ್ಲ ಎಂದಾಗಿ ಆ ಮನೆಯಲ್ಲಿ ಚಟ್ನಿಯೇ ನಿಂತುಹೋಯಿತು.

ಇನ್ನು ಊಟದ ಮಾತು. “ಮೀನು ಗೀನು ತಿಂತದ್ರೀ. ಒಣ ಸಿಗಡಿ ಹಾಕ್ರಿ,” ಎಂದಿದ್ದ ಜಗದೇವಪ್ಪ.

ಇಲ್ಲಿ ನಾನು ದೌಲಪ್ಪನವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೂಗು ಮಾತ್ರ ಪೊಲೀಸ್ ಇಲಾಖೆಯದು. ಅವರ ಮನೆಯ ಬಾಂಡ್ ಪೇಪರಿನಲ್ಲಿ ಮೊದಲ ಕಲಮೇ ಇದು: “ಮಾಂಸ, ಮೀನು, ತತ್ತಿ ಮನೆಯೊಳಗೆ ತರಕೂಡದು. ತಂದರೆ ಮನೆ ಖಾಲಿ.” ಈರುಳ್ಳಿಯನ್ನೂ ತಿನ್ನದ ವೈಷ್ಣವರು ಎಂದೇ ಅವರು ಮುಕುಂದರಾಯರಿಗೆ ನಾಲ್ಕು ನೂರು ರೂಪಾಯಿಗೆ ಮನೆ ಕೊಟ್ಟಿದ್ದರು. ಬೇರೆ ಕಡೆ ಅಂಥ ಮನೆಗೆ ಎಂಟು ನೂರು. ಬೋರಿನ ನೀರು ಸಿಹಿ, ಮಠ ಹತ್ತಿರ, ತುಂಗಾಬಾಯಿಯ ಮೊಣಕಾಲಿಗೆ ಮೆಟ್ಟಿಲ ಕಾಟವಿಲ್ಲ. ಈ ಮನೆ ಹೋದರೆ ಮುಕುಂದರಾಯರ ಸಂಸಾರ ಬೀದಿಗೆ ಬಿದ್ದಂತೆಯೇ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ಪೆಟ್ಟಿಗೆಯ ಮೇಲೆ ಹೆಂಡತಿ ಉಟ್ಟು ಬಿಟ್ಟ ಹಳೆಯ ಪತ್ತಲ ಹೊದಿಸಿ, ಮುಖಕ್ಕೆ ಮಫ್ಲರ್ ಸುತ್ತಿಕೊಂಡು, ಪೇಟೆಯಲ್ಲಿ ಒಣ ಮೀನು ಮಾರುವ ಮಸ್ತಾನಬಿಯ ಮುಂದೆ ಹೋಗಿ ನಿಂತರು.

“ಎಷ್ಟು ಬೇಕಪ್ಪಾ? ಮನ್ಯಾಗ ಎಷ್ಟು ಮಂದಿ?” ಎಂದಳು ಮಸ್ತಾನಬಿ.

“ತಿನ್ನಾಂವ ಒಬ್ಬನೇ ಇದ್ದಾನ್ರೀ. ಸಣ್ಣಾಂವ.”

“ಹಾಯ್ ಅಲ್ಲಾ, ಕೂಸಾ? ಹಲ್ಲು ಬಂದಾವೇನು?”

“ಹಲ್ಲಿಲ್ಲ,” ಎಂದರು ಮುಕುಂದರಾಯರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಬರೀ ಅವಸರದಲ್ಲಿ ಹೇಳಲು ಬರುತ್ತದೆ. “ಎರಡು ಇಕ್ಕಳ ಅವ. ಎಂಟು ಕಾಲು.”

ಮಸ್ತಾನಬಿ ಬಹಳ ಹೊತ್ತು ಅವರ ಮಫ್ಲರನ್ನೇ ನೋಡಿದಳು. ಆಮೇಲೆ ತಕ್ಕಡಿಗೆ ಇನ್ನೊಂದು ಮುಷ್ಟಿ ಸಿಗಡಿ ಹೆಚ್ಚಾಗಿ ಹಾಕಿ, “ಪೈಸಾ ಬ್ಯಾಡ ಇದಕ್ಕ. ದರ್ಗಾಕ್ಕ ಒಮ್ಮಿ ಕರ್ಕೊಂಡು ಹೋಗ್ರಿ ಅವನ್ನ,” ಎಂದಳು.

ಕರ್ಕರಾವ್ ಮೂರು ವಾರ ಸಿಗಡಿಯನ್ನು ಗಬಗಬ ತಿಂದ. ಶ್ರಾವಣ ಹುಟ್ಟಿತು ನೋಡಿ, ಅವತ್ತಿನಿಂದ ಊಟ ನಿಲ್ಲಿಸಿಬಿಟ್ಟ. ಪೆಟ್ಟಿಗೆಯೊಳಗೆ ಇಟ್ಟಿದ್ದ ಕಲ್ಲಿನ ಕೆಳಗೆ ಸೇರಿದವನು ಹೊರಗೇ ಬರಲೊಲ್ಲ. ಸಿಗಡಿ ಹಳಸಿರಬೇಕು ಎಂದು ಮುಕುಂದರಾಯರು ಮತ್ತೆ ಮಫ್ಲರ್ ಕಟ್ಟಿಕೊಂಡು ಹೋಗಿ ಇನ್ನೂ ತುಟ್ಟಿಯದನ್ನು ತಂದರು. ಅದನ್ನೂ ಮುಟ್ಟಲಿಲ್ಲ. ತುಂಗಾಬಾಯಿ ಮಾತ್ರ ಜಪಮಣಿ ಎಣಿಸುತ್ತ, “ಅದಕ್ಕ ನಮ್ಮ ಮನಿ ಗಾಳಿ ಹತ್ಯದ. ಶ್ರಾವಣ ಹಿಡದದ,” ಎಂದರು. ಅವರ ಮಾತಿನಲ್ಲಿ ತಮಾಷೆಯಿರಲಿಲ್ಲ.

ಈ ಎರಡನೆಯ ಸಲದ ಮಫ್ಲರನ್ನು ನನ್ನ ಹೆಂಡತಿ ನೋಡಿದಳು.

“ಮಸ್ತಾನಬಿ ಮುಂದ ನಿಂತಿದ್ರು. ನನ್ನ ಕಣ್ಣಾರೆ ನೋಡೀನಿ. ತಪ್ಪು ಮಾಡದಾಂವ ಇಂಥಾ ಸೆಕಿಯೊಳಗ ಮಫ್ಲರ್ ಯಾಕ ಕಟ್ತಾನ್ರೀ?”

“ನಮಗ್ಯಾಕ ಆ ಉಸಾಬರಿ?” ಎಂದೆ.

“ನಾನೇನು ಯಾರಿಗಾದರೂ ಹೇಳ್ತೀನೇನು?” ಎಂದು ಹೇಳಿ, ಸೆರಗು ಹೊದ್ದುಕೊಂಡು ಹೇಳಲು ಹೋದಳು. ಸಂಜೆಯ ಹೊತ್ತಿಗೆ ಮುಕುಂದರಾಯರು ಸಿಗಡಿ ತಿನ್ನುತ್ತಾರೆ ಎನ್ನುವುದು ಜಗತ್ ಸರ್ಕಲ್ಲಿನವರೆಗೆ ಮುಟ್ಟಿತ್ತು. ಅಲ್ಲಿಂದ ವಾಪಸ್ ಬರುವಾಗ ಅದು ಕೋಳಿಯಾಗಿತ್ತು.

ಅತ್ತ ತಿನ್ನದೆ ಬಿಟ್ಟ ಸಿಗಡಿ ನೀರಿನಲ್ಲಿ ಕೊಳೆತು ವಾಸನೆ ಎದ್ದಿತು. ಶ್ರಾವಣ ಸೋಮವಾರ ಬೆಳಗ್ಗೆ ಪೂಜೆಗೆ ಕೂತಿದ್ದ ದೌಲಪ್ಪನವರ ಮೂಗಿಗೆ ಅದು ಬಡಿಯಿತು. ಅವರು ಒಂದು ಹಾಳೆಯಲ್ಲಿ ಏನನ್ನೋ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ನಾನೂ ಬಾಗಿಲಿಗೆ ಬಂದೆ. ಲಲಿತಾಬಾಯಿ ಮೊದಲೇ ಬಂದಿದ್ದಳು.

“ಮುಕುಂದರಾವ್ರ, ಏನಿದು ನಾತ?”

“ಇಂಗು, ಮಾಲಕರ. ಹೊಸಾ ಕಂಪನಿದು ತಂದೀವಿ.”

ದೌಲಪ್ಪನವರು ಹಾಳೆ ಬಿಚ್ಚಿದರು. ಒಳಗೊಂದು ಒಣ ಸಿಗಡಿ. “ಇರುವಿ ಎಳಕೊಂಡು ಹೊಂಟಿದ್ವು, ಮೆಟ್ಟಲ ಮ್ಯಾಲ ಸಿಕ್ಕಿತು. ಇಂಗಿಗೆ ಮೀಸಿ ಇರ್ತಾವೇನ್ರೀ?”

ಮುಕುಂದರಾಯರು ಕಂಬ ಹಿಡಿದುಕೊಂಡರು. “ರಾಯರ ಆಣಿ ಮಾಡಿ ಹೇಳ್ತೀನಿ, ತಿಂದವ್ರು ನಾವಲ್ಲ. ಮನಿಗೆ ಒಬ್ಬರು ಬಂದಾರ.”

“ಯಾರು?”

“ಕಮಲಾಪುರದವ್ರು. ಬಾಳೆತೋಟದ ಕಡಿಂದ.”

“ಹೆಸರೇನು?”

“ಕರ್ಕರಾವ್.”

“ರಾವ್ ಆಗಿ ಸಿಗಡಿ ತಿಂತಾನ?” ದೌಲಪ್ಪನವರ ಧ್ವನಿ ಓಣಿಯ ತುದಿಗೆ ಮುಟ್ಟಿತು. “ಕರೀರಿ ಅವನ್ನ ಹೊರಗ!”

“ಬರಾಂಗಿಲ್ರೀ ಮಾಲಕರ. ನೀರಾಗ ಅದಾರ.”

“ಜಳಕಕ್ಕ ಹೋಗ್ಯಾನೇನು? ನಾ ಇಲ್ಲೇ ಕೂಡ್ತೇನಿ. ಮುಗಿಸಿಕೊಂಡು ಬರ್ಲಿ.”

“ತಿಂಗಳಾತ್ರೀ, ನೀರಾಗೇ ಅದಾರ.”

ದೌಲಪ್ಪನವರು ನೇರ ಹಿಂದಿನ ಕೋಣೆಗೆ ಹೋಗಿ ಪತ್ತಲ ಎಳೆದರು. ಕಲ್ಲಿನ ಕೆಳಗಿನಿಂದ ಕರ್ಕರಾವ್ ಎರಡು ಕಡ್ಡಿಯ ಮೇಲಿನ ಕಣ್ಣುಗಳನ್ನು ಎತ್ತಿ ಮಾಲಕರನ್ನು ನೋಡಿದ. ಮಾಲಕರು “ಶಿವ ಶಿವಾ” ಎಂದು ಅಂಗಳದವರೆಗೆ ಹಿಮ್ಮುಖವಾಗಿಯೇ ನಡೆದರು.

“ಬಾಂಡ್ ಪೇಪರ್ ಓದೀರಿಲ್ಲೋ? ಮನ್ಯಾಗ ಮೀನು ತಂದ್ರಿ. ಮುಗೀತು. ಮನಿ ಖಾಲಿ ಮಾಡ್ರಿ.”

“ಏಡಿನ್ನ ಇವತ್ತೇ ಬಿಟ್ಟು ಬರ್ತೀನ್ರೀ...”

“ಏಡಿ ಬಿಟ್ರ ತಂದದ್ದು ತಪ್ಪತದೇನು?”

ಆಗ ತುಂಗಾಬಾಯಿ ಎದ್ದು ನಿಂತರು. ಎದ್ದು ನಿಲ್ಲುವುದೆಂದರೆ ಅವರಿಗೆ ಐದು ನಿಮಿಷದ ಕೆಲಸ. ಎಲ್ಲರೂ ಕಾದರು. “ದೌಲಪ್ಪಾ, ತಂದದ್ದು ಖರೆ. ಆದರ ತಿಂದವರು ಯಾರು? ಈ ಜೀವ ಶ್ರಾವಣ ಹುಟ್ಟಿದಾಗಿಂದ ಒಂದು ಸಿಗಡಿ ಮುಟ್ಟಿಲ್ಲ. ನೀರಾಗ ಕೊಳತು ಹೋಗ್ಲಿಕತ್ತಾವ, ಅದಕ್ಕೇ ಈ ನಾತ. ತಿಂದಿದ್ರ ನಾತ ಎಲ್ಲಿರ್ತಿತ್ತು? ಉಪವಾಸ ಇದ್ದವರನ್ನ ಶ್ರಾವಣದಾಗ ಮನಿ ಬಿಡಸ್ತಿ ಏನು?”

ಈ ತರ್ಕ ದೌಲಪ್ಪನವರನ್ನು ನಿಲ್ಲಿಸಿತು. ಅವರು ಕಟ್ಟುನಿಟ್ಟಿನ ಮನುಷ್ಯ, ಅನ್ಯಾಯದ ಮನುಷ್ಯನಲ್ಲ. ಗದ್ದ ಕೆರೆದುಕೊಂಡು ಯೋಚಿಸಿ, “ಪರೀಕ್ಷಾ ಮಾಡೋಣು,” ಎಂದರು. “ಶನಿವಾರ ಸಂಜಿಕ. ಒಂದು ಕಡೆ ಸಿಗಡಿ, ಒಂದು ಕಡೆ ರೊಟ್ಟಿ, ಬಾಳೆಹಣ್ಣು. ಸಿಗಡಿ ಮುಟ್ತೋ, ಸೋಮವಾರ ನಿಮ್ಮ ಸಾಮಾನು ರಸ್ತೇದಾಗ.”

ಆ ಐದು ದಿನ ಮುಕುಂದರಾಯರು ಕಚೇರಿಯಿಂದ ಬಂದು ಪೆಟ್ಟಿಗೆಯ ಮುಂದೆ ಕೂತು ಏಡಿಗೆ ಬುದ್ಧಿ ಹೇಳಿದರು. ನಾನು ಕಿವಿಯಾರೆ ಕೇಳಿದ್ದೇನೆ. “ಒಂದೇ ದಿನ, ಕರ್ಕರಾವ್. ಶನಿವಾರ ಒಂದೇ ದಿನ ಮಾನ ಕಾಯಿ.”

ಶನಿವಾರ ಸಂಜೆ ಅಂಗಳ ತುಂಬಿತ್ತು. ಪೆಟ್ಟಿಗೆಯನ್ನು ಹೊರಗೆ ತಂದು ಸ್ಟೂಲಿನ ಮೇಲಿಟ್ಟರು. ದೌಲಪ್ಪನವರು ಕುರ್ಚಿಯಲ್ಲಿ ಕೂತರು. ಎಡಕ್ಕೆ ಸಿಗಡಿ, ಬಲಕ್ಕೆ ಜೋಳದ ರೊಟ್ಟಿಯ ತುಣುಕು ಮತ್ತು ಜಗದೇವಪ್ಪ ಕಳಿಸಿದ್ದ ಕೆಂಪು ಬಾಳೆಹಣ್ಣು. ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಕರ್ಕರಾವ್ ಕಲ್ಲಿನಿಂದ ಹೊರಬಿದ್ದ.

ಏಡಿಯ ಮುಖ ಒಂದು ಕಡೆ, ನಡಿಗೆ ಇನ್ನೊಂದು ಕಡೆ. ಅದು ಎತ್ತ ಹೊರಟಿದೆ ಎಂದು ಹೇಳುವುದು ಸುಲಭವಲ್ಲ. “ರೊಟ್ಟಿ ಕಡೆ ನೋಡ್ಲಿಕತ್ತದ!” ಎಂದರು ಮಥುರಾಬಾಯಿ. “ಸಿಗಡಿ ಕಡೆ ನಡದದ!” ಎಂದಳು ನನ್ನ ಹೆಂಡತಿ. ಇಬ್ಬರದೂ ಸರಿಯಿತ್ತು. ಅದು ನಿಧಾನವಾಗಿ ಸಿಗಡಿಯ ಹತ್ತಿರ ಬಂತು. ಮುಕುಂದರಾಯರು ಕಣ್ಣು ಮುಚ್ಚಿದರು. ಏಡಿ ಒಂದು ಕೊಂಡಿ ಎತ್ತಿತು, ಸಿಗಡಿಯನ್ನು ಅತ್ತ ದೂಡಿತು, ತಿರುಗಿ ಕಲ್ಲಿನ ಕೆಳಗೆ ಹೋಯಿತು.

“ಮುಟ್ಯದ,” ಎಂದರು ದೌಲಪ್ಪನವರು.

“ಮುಟ್ಟಿಲ್ಲ, ಸರಿಸ್ಯದ,” ಎಂದರು ತುಂಗಾಬಾಯಿ. “ಎಂಜಲಾ ಮುಂದ ಬಂದ್ರ ನಾವೂ ಹಿಂಗೇ ಸರಸ್ತೀವಿ.”

“ರೊಟ್ಟಿನೂ ತಿನ್ಲಿಲ್ಲಲ್ಲ ಅವ್ವಾರ?”

“ಉಪವಾಸ ಅಂದಮ್ಯಾಲ ರೊಟ್ಟಿ ಹ್ಯಾಂಗ ತಿಂತದೋ?”

ದೌಲಪ್ಪನವರು ಬಗೆಹರಿಯದೆ ಎದ್ದರು. “ನಾಳಿ ಮುಂಜಾನಿ ಹೇಳ್ತೇನಿ,” ಎಂದು ಮೇಲೆ ಹೋದರು. ಮನೆ ಖಾಲಿ ಮಾಡಿಸುವುದೆಂದೇ ಅವರು ಮೆಟ್ಟಿಲು ಹತ್ತುವಾಗ ನಿಶ್ಚಯ ಮಾಡಿದ್ದರಂತೆ. ಇದನ್ನು ಅವರೇ ಆಮೇಲೆ ನನಗೆ ಹೇಳಿದರು.

ಭಾನುವಾರ ಬೆಳಗ್ಗೆ ಆ ಮಾತು ಹೇಳಲು ಅವರು ಕೆಳಗಿಳಿದು ಬಂದಾಗ ಮುಕುಂದರಾಯರು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತಿದ್ದರು. ನೀಲಿ ಹರಳುಗಳ ಮೇಲೆ ಕರ್ಕರಾವ್ ಕಾಲು ಚಾಚಿ ಬಿದ್ದಿದ್ದ. ಕೊಂಡಿ ಅಲುಗಲಿಲ್ಲ, ಕಣ್ಣು ಮಿಸುಕಲಿಲ್ಲ. ಮುಕುಂದರಾಯರು ಚಮಚದಿಂದ ಮುಟ್ಟಿ ನೋಡಿದರು. ಅದು ತರಗೆಲೆಯಂತೆ ತೇಲಿ ಹೊರಳಿತು.

“ಹ್ವಾದ್ರು,” ಎಂದರು ಮುಕುಂದರಾಯರು. ಅಪರೂಪದ್ದು ಸಾಕುತ್ತೇನೆ ಎಂದು ಜಂಬ ಕೊಚ್ಚಿದ ಮನುಷ್ಯನ ಕಣ್ಣಲ್ಲಿ ನೀರು ತುಂಬಿತ್ತು. ತಿಂಗಳಿಗೂ ಮೇಲೆ ನೀರು ಹೊತ್ತು, ಗಾಳಿ ಊದಿ, ಬುದ್ಧಿ ಹೇಳಿ ಹೇಳಿ, ಆ ಎಂಟು ಕಾಲಿನ ಜೀವದ ಮೇಲೆ ಅವರಿಗೆ ನಿಜವಾದ ಪ್ರೀತಿ ಹುಟ್ಟಿಬಿಟ್ಟಿತ್ತು. ಅದು ನನಗೆ ಆಗಲೇ ಗೊತ್ತಾದದ್ದು.

“ಉಪವಾಸದಾಗ ಜೀವ ಬಿಡ್ತು,” ಎಂದರು ತುಂಗಾಬಾಯಿ. “ಸಿಗಡಿ ಮುಂದಿಟ್ಟರೂ ಮುಟ್ಟಲಿಲ್ಲ.”

ದೌಲಪ್ಪನವರು ಬಾಗಿಲಲ್ಲೇ ಕುಸಿದು ಕೂತರು. ವಿಭೂತಿಯ ಮೇಲೆ ಬೆವರು ಹರಿಯಿತು. “ಎಪ್ಪಾ ಶಿವನೇ, ಎಂಥಾ ಕೆಲಸ ಮಾಡಿದೆ ನಾ. ಶ್ರಾವಣ ಹಿಡದ ಜೀವದ ಮುಂದ ಸಿಗಡಿ ಇಡಸಿದೆನಲ್ಲೋ. ನನ್ನ ಪಾಪ ಎಲ್ಲಿ ತೊಳೀಲಿ?” ಮುಖ ಒರೆಸಿಕೊಂಡು ಎದ್ದರು. “ಅದರ ಊರಾಗೇ ಮಣ್ಣು ಮಾಡೋಣು. ಏಳ್ರಿ. ಬಸ್ಸಿನ ಖರ್ಚು ನಂದು.”

ದೌಲಪ್ಪನವರು ಇನ್ನೊಬ್ಬರ ಬಸ್ಸಿನ ಖರ್ಚು ಕೊಡುತ್ತಾರೆ ಎಂದಾಗಲೇ ಇದು ಸಣ್ಣ ಸಾವಲ್ಲ ಎಂದು ನನಗೆ ಅರ್ಥವಾಯಿತು. ಕರ್ಕರಾವ್ ಬಂದ ಸ್ಟೀಲ್ ಡಬ್ಬಿಯಲ್ಲೇ ಅವನನ್ನು ಇಟ್ಟು, ಮೇಲೊಂದು ಚೆಂಡುಹೂವು ಹಾಕಿ, ನಾವು ಮೂವರು ಕಮಲಾಪುರದ ಬಸ್ಸು ಹತ್ತಿದೆವು. ಡಬ್ಬಿ ದೌಲಪ್ಪನವರ ತೊಡೆಯ ಮೇಲಿತ್ತು.

“ಏನದ ಡಬ್ಬ್ಯಾಗ?” ಎಂದ ಕಂಡಕ್ಟರ್.

“ನಮ್ಮ ಕಿರಾಯಿದಾರ,” ಎಂದರು ದೌಲಪ್ಪನವರು, ಮುಚ್ಚಳ ಸವರುತ್ತ.

ಕಂಡಕ್ಟರ್ ಮೂರು ಟಿಕೆಟ್ ಹರಿದು ಕೊಟ್ಟು, ಕಮಲಾಪುರ ಬರುವವರೆಗೆ ನಮ್ಮ ಸೀಟಿನ ಕಡೆ ಸುಳಿಯಲಿಲ್ಲ.

ಜಗದೇವಪ್ಪ ತೋಟದಲ್ಲೇ ಇದ್ದ. ಸುದ್ದಿ ಕೇಳಿ ಡಬ್ಬಿ ಇಸಕೊಂಡ. ಒಳಗಿನದನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದ. ಒಮ್ಮೆ ಅದನ್ನು ನೋಡಿದ, ಒಮ್ಮೆ ನಮ್ಮ ಮುಖ ನೋಡಿದ.

“ಭಾಳ ಹಗುರ ಅದಲ್ರೀ?”

“ಎರಡು ವಾರದ ಉಪವಾಸ, ತಮ್ಮಾ,” ಎಂದರು ದೌಲಪ್ಪನವರು.

ಜಗದೇವಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಬಾಳೆಗಿಡದ ಕಡೆ ತಿರುಗಿ ನಿಂತ. ಅವನ ಹೆಗಲು ಅಲುಗುತ್ತಿತ್ತು. ಎಂಥ ಮೆದು ಮನಸ್ಸಿನ ಹುಡುಗ ಎಂದು ನಾನು ಅವನ ಬೆನ್ನು ಸವರಿದೆ. ಕಾಲುವೆಯ ದಂಡೆಗೆ ಒಂದು ಕೆಂಪು ಬಾಳೆಯ ಬುಡದಲ್ಲಿ ಗುಂಡಿ ತೋಡಿದ. ಡಬ್ಬಿ ಬರಿದಾಯಿತು. ದೌಲಪ್ಪನವರು ಮೂರು ಮುಷ್ಟಿ ಮಣ್ಣು ಹಾಕಿ ಕೈಮುಗಿದರು.

“ಕರ್ಕರಾವ್, ನನ್ನ ತಪ್ಪು ಹೊಟ್ಯಾಗ ಹಾಕ್ಕೋ. ನಾ ಇರೋತನ ಮುಕುಂದರಾವ್ರಿಗೆ ಮನಿ ಬಿಡಸಂಗಿಲ್ಲ. ಕಿರಾಯಿನೂ ಏರಸಂಗಿಲ್ಲ. ಇದು ನನ್ನ ಮಾತು.”

ಜಗದೇವಪ್ಪ ಟವೆಲಿನ ಮರೆಯಿಂದ, “ಮೂರು ಸಲ ಹೇಳ್ರಿ ಯಪ್ಪಾರ. ನಮ್ಮ ಕಡೆ ಮೂರು ಸಲ ಹೇಳಿದ್ರೇ ಗಟ್ಟಿ,” ಎಂದ. ದೌಲಪ್ಪನವರು ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಮುಕುಂದರಾಯರು ಅವರ ಕೈ ಹಿಡಿದು ಅತ್ತರು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಜಗದೇವಪ್ಪ ಒಂದು ಬಾಳೆಗೊನೆಯನ್ನು ಹೆಗಲಿಗೇರಿಸಿ, “ನಾಳೆ ಹೆಂಗೂ ಆಫೀಸಿಗೆ ಬರಬೇಕು, ಇವತ್ತೇ ನಿಮ್ಮ ಜೋಡಿ ಬರ್ತೇನಿ,” ಎಂದು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ.

ಸಂಜೆ ನಾವು ಓಣಿಗೆ ಬಂದರೆ ಮನೆಯ ಮುಂದೆ ಮಂದಿಯೋ ಮಂದಿ. ಒಳಗಿನಿಂದ ಯಾರೋ ಕೂಗುತ್ತಿದ್ದಾರೆ. ಓಡಿಹೋಗಿ ನೋಡಿದರೆ ಸೊಲ್ಲಾಪುರದ ಶ್ರೀನಿವಾಸರಾವ್! ಹಿಂದಿನ ಕೋಣೆಯಲ್ಲಿ ನೀರಿನ ಕೊಡ ಇಡುವ ಗಡಂಚಿಯ ಮೇಲೆ ಹತ್ತಿ, ಸೂಟ್‌ಕೇಸನ್ನು ಎದೆಗವಚಿಕೊಂಡು ನಿಂತಿದ್ದಾರೆ.

“ಸತ್ತದ ಅಂದ್ರಿ! ಮಣ್ಣು ಮಾಡ್ಲಿಕ್ಕೆ ಹೋಗ್ಯಾರ ಅಂದ್ರಿ! ನಾ ಖಾಲಿ ಪೆಟ್ಟಿಗಿ ನೋಡೋಣ ಅಂತ ಕಲ್ಲು ಎತ್ತಿದೆ, ಎದ್ದು ಬಂತಲ್ರೀ!”

ನಿಜ. ಪೆಟ್ಟಿಗೆಯೊಳಗೆ ನೀಲಿ ಹರಳಿನ ಮೇಲೆ ಕರ್ಕರಾವ್ ನಿಂತಿದ್ದ. ಮೈ ಬಿಳಿಚಿ ಮೆತ್ತಗಾಗಿತ್ತು. ಗಾತ್ರ ಮಾತ್ರ ಮೊದಲಿಗಿಂತ ದೊಡ್ಡದು. ತುಂಗಾಬಾಯಿ ಅದರ ಮುಂದೆ ತುಪ್ಪದ ದೀಪ ಹಚ್ಚಿಟ್ಟು, “ಬೆಳಗ್ಗೆ ಹ್ವಾದಾಂವ ಸಂಜೀಗೆ ಬಂದಾನ,” ಎಂದು ಶಾಂತವಾಗಿ ಜಪ ಮಾಡುತ್ತಿದ್ದರು.

ಜಗದೇವಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. “ಅದು ಸತ್ತಿದ್ದಿಲ್ರೀ. ಏಡಿ ಬೆಳ್ಯಾಕತ್ತಿತಂದ್ರ ಊಟ ಬಿಡ್ತದ, ಮ್ಯಾಲಿನ ಚಿಪ್ಪು ಇದ್ದಂಗೇ ಕಳಚಿ ಇಟ್ಟು, ಮೆತ್ತನ ಮೈ ತಗೊಂಡು ಕಲ್ಲಿನ ಬುಡಕ ಅಡಗತದ. ನಾವು ಕಮಲಾಪುರದಾಗ ಹುಗದದ್ದು ಅದರ ಅಂಗಿ!”

ಎಲ್ಲರೂ ದೌಲಪ್ಪನವರನ್ನು ನೋಡಿದರು. ಉಪವಾಸವೂ ಅಲ್ಲ, ವ್ರತವೂ ಅಲ್ಲ, ಸಾವೂ ಅಲ್ಲ. ಸಿಗಡಿಯ ನಾತ ಮಾತ್ರ ಖರೆ. ಮುಕುಂದರಾಯರ ಮುಖದಲ್ಲಿ ಏಡಿ ಬದುಕಿದ ಸಂತೋಷ ಒಂದು ಕಡೆ, ಮನೆ ಹೋಯಿತೆಂಬ ಭಯ ಇನ್ನೊಂದು ಕಡೆ. ಯಾವುದನ್ನು ಮುಂದೆ ಮಾಡಬೇಕೆಂದು ತಿಳಿಯದೆ ಅವರು ಬಾಯಿ ತೆರೆದುಕೊಂಡೇ ನಿಂತರು. ಜೀವಮಾನದಲ್ಲಿ ಮೊದಲ ಸಲ ಆ ಬಾಯಿಯಿಂದ ಮಾತು ಹೊರಡಲಿಲ್ಲ.

ದೌಲಪ್ಪನವರು ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿದರು. ಕರ್ಕರಾವ್ ಕಣ್ಣೆತ್ತಿ ನೋಡಿದ. ಈ ಸಲ ಮಾಲಕರು ಹಿಂದೆ ಸರಿಯಲಿಲ್ಲ.

“ಮಾತು ನಾ ಅಂಗಿಗೆ ಕೊಟ್ಟಿದ್ದಿಲ್ಲ. ಅದನ್ನ ತೊಟ್ಟಾಂವಗ ಕೊಟ್ಟಿದ್ದೆ,” ಎಂದರು. ಆಮೇಲೆ ಜಗದೇವಪ್ಪನ ಕಡೆ ತಿರುಗಿ, “ಇದು ಬಾಳಿಹಣ್ಣು ತಿಂತದೇನೋ?”

“ಹಸಿವಾದ್ರ ತಿಂತದ್ರೀ. ಎರಡು ದಿನ ತಡೀರಿ, ಮೈ ಗಟ್ಟಿ ಆಗ್ಲಿ.”

“ತಡೀತೇನಿ. ಆದರ ಇನ್ನು ಮ್ಯಾಲ ಸಿಗಡಿ ಬಂದ್ ನೋಡ್ರಿ ಮುಕುಂದರಾವ್ರ.”

“ಬಂದ್, ಮಾಲಕರ! ಮಫ್ಲರ್ ಸುದ್ದಾ ಬಂದ್!”

ಬುಧವಾರ ಬೆಳಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ದೌಲಪ್ಪನವರ ಕೂಗು ಕೇಳಿ ನಾವೆಲ್ಲ ಓಡಿದೆವು. ಅವರು ಪೆಟ್ಟಿಗೆಗೆ ಮೂಗು ಹಚ್ಚಿ ಕೂತಿದ್ದರು. ಒಳಗೆ ಕರ್ಕರಾವ್ ಕೆಂಪು ಬಾಳೆಹಣ್ಣಿನ ಒಂದು ತುಣುಕನ್ನು ಎರಡೂ ಕೊಂಡಿಯಲ್ಲಿ ಹಿಡಿದು, ಒಂದಿಷ್ಟು ಒಂದಿಷ್ಟು ಕಿತ್ತು ಬಾಯಿಗಿಟ್ಟುಕೊಳ್ಳುತ್ತಿದ್ದ.

“ತಿಂತು! ಶುದ್ಧ ಶಾಕಾಹಾರಿ! ನನ್ನ ಮನ್ಯಾಗಿನ ಏಡಿ ಶುದ್ಧ ಶಾಕಾಹಾರಿ!” ಎಂದು ಅವರು ಓಣಿಗೆಲ್ಲ ಕೇಳುವಂತೆ ಸಾರಿದರು. ಸಾರುವ ಕೆಲಸವನ್ನು ನನ್ನ ಹೆಂಡತಿ ಅಲ್ಲಿಂದ ಮುಂದೆ ತಾನೇ ವಹಿಸಿಕೊಂಡಳು.

ಶ್ರೀನಿವಾಸರಾವ್ ಅವತ್ತೇ ಸೊಲ್ಲಾಪುರಕ್ಕೆ ಹೊರಡುವವರಿದ್ದರು. ಅವರು ಮೂರು ದಿನದಿಂದ ಒಂದು ಪ್ರಶ್ನೆಯನ್ನು ನುಂಗಿಕೊಂಡು ತಿರುಗುತ್ತಿದ್ದರು. ಸತ್ತು ಬದುಕುವ ಜೀವ ಅವರ ನಾಲ್ಕು ಫೂಟಿನ ಅಕ್ವೇರಿಯಮ್ಮಿನಲ್ಲಿ ಒಂದೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ ಕೊನೆಗೂ ಕೇಳಿಯೇಬಿಟ್ಟರು.

“ಒಂದು ಮಾತು ಖರೆ ಹೇಳ್ರಿ ಮುಕುಂದರಾವ್. ಇದಕ್ಕ ಎಷ್ಟು ಬಿತ್ತು?”

ಮುಕುಂದರಾಯರು ಎದೆಯುಬ್ಬಿಸಿ ಬಾಯಿ ತೆರೆದರು. ಆದರೆ ಅವರಿಗಿಂತ ಮೊದಲು, ಪೆಟ್ಟಿಗೆಯಿಂದ ಮುಖ ಎತ್ತದೆಯೇ, ದೌಲಪ್ಪನವರು ಹೇಳಿದರು.

“ಒಂದು ಮನಿ ಬಿತ್ತರೀ. ಅದೂ ನಂದು.”

ಅಡುಗೆಮನೆಯಿಂದ ಮಥುರಾಬಾಯಿಯ ಧ್ವನಿ ಬಂತು.

“ಅಣ್ಣಾ, ಒಂದು ಮಿಕ್ಸರೂ ಬಿತ್ತು. ಮುಂದಿನ ಸಲ ಬರೋವಾಗ ತಗೊಂಡು ಬಾ!”